ಹೇಮಾಂಗಿನಿಯ ನೋಟ್‌ಬುಕ್

ಹೇಮಾಂಗಿನಿ ಎಂಬ ಹೆಸರನ್ನು ನಾನು ಮೊದಲು ಓದಿದ್ದು ನಮ್ಮ ವೀಳ್ಯದ ಶಾಸ್ತ್ರಕ್ಕೆ ನಾಲ್ಕು ದಿನ ಇರುವಾಗ. ನನ್ನ ಗಂಡನಾಗುವವನ ನೋಟ್‌ಬುಕ್ಕಿನಲ್ಲಿ, ಅವನದೇ ದುಂಡನೆಯ ಅಕ್ಷರದಲ್ಲಿ, ಅಡಿಗೆರೆ ಎಳೆದು ಬರೆದಿತ್ತು.

ಬೆನಕಪ್ಪ ನನ್ನ ಸೋದರತ್ತೆಯ ಮಗ. ಚನ್ನಗಿರಿಯವನು. ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದ. ಓದಿಗಿಂತ ಕಾಲೇಜಿನ ನಾಟಕವೇ ಅವನಿಗೆ ಹೆಚ್ಚು. ಯಾವ ಪಾರ್ಟು ಎಂದು ಕೇಳಿದರೆ ಮಾತ್ರ ನಕ್ಕು ಮಾತು ಮರೆಸುತ್ತಿದ್ದ. ನಲವತ್ತೊಂದನೇ ಇಸವಿಯ ಬೇಸಿಗೆ ರಜಕ್ಕೆ ನ್ಯಾಮತಿಯ ನಮ್ಮ ಮನೆಗೆ ಬಂದವನು ಮೂರು ವಾರ ಕದಲಲಿಲ್ಲ.

ಮೂರು ವಾರವೂ ನನ್ನನ್ನೇ ನೋಡಿದ. ಅಕ್ಕಿ ಆರಿಸುವಾಗ ನೋಡಿದ, ಬಾವಿಯಿಂದ ನೀರು ಸೇದುವಾಗ ನೋಡಿದ. ನಾನು ತಲೆ ಎತ್ತಿದರೆ ಸೂರು ನೋಡುವವನ ಹಾಗೆ ನಟಿಸುತ್ತಿದ್ದ. ನನ್ನ ಕಾಲು ನೆಲದ ಮೇಲಿರಲಿಲ್ಲ. ಎರಡು ಸಲ ಸಾರಿಗೆ ಉಪ್ಪು ಹಾಕಿ ಅವ್ವನ ಕೈಯಲ್ಲಿ ಬೈಸಿಕೊಂಡೆ.

ಆ ದಿನ ಅವನು ಹೊನ್ನಾಳಿಗೆ ಹೋಗಿದ್ದ. ನೋಟ್‌ಬುಕ್ಕು ಜಗುಲಿಯ ಮೇಲೆ ಉಳಿದಿತ್ತು. ತೆಗೆದು ಓದಿದೆ. ತಪ್ಪೇ. ಓದಿದೆ.

‘ಹೇಮಾಂಗಿನಿ: ಕೂಗಿದರೆ ಕೂಡಲೇ ತಿರುಗುವುದಿಲ್ಲ. ಮೊದಲು ಬಳೆ ಹಿಂದಕ್ಕೆ ಸರಿಸುತ್ತಾಳೆ, ಆಮೇಲೆ ಕತ್ತು ತಿರುಗಿಸುತ್ತಾಳೆ. ಚೊಂಬೆತ್ತಿ ನೀರು ಕುಡಿಯುವಾಗ ಒಂದೇ ಕಣ್ಣು ಮುಚ್ಚುತ್ತಾಳೆ. ಸಿಟ್ಟು ಬಂದರೆ ಸೆರಗನ್ನು ಎಡ ಸೊಂಟಕ್ಕೆ ಸಿಕ್ಕಿಸುತ್ತಾಳೆ. ಸೋಮವಾರ ತಲೆಗೆ ಎರೆದುಕೊಂಡರೆ ಸೀಗೆಕಾಯಿ ವಾಸನೆ ಬುಧವಾರವಾದರೂ ಹೋಗುವುದಿಲ್ಲ.’

ತಲೆಗೂದಲ ವಾಸನೆ! ಅಷ್ಟು ಹತ್ತಿರ ಹೋಗಿದ್ದಾನೆ! ಮೈಸೂರಿನಲ್ಲಿ ಈಗ ಹೆಣ್ಣುಮಕ್ಕಳೂ ಕಾಲೇಜಿಗೆ ಹೋಗುತ್ತಾರೆಂದು ಕೇಳಿದ್ದೆ. ಆ ಬಿನ್ನಾಣಗಿತ್ತಿಯ ಮುಖ ಕಾಣದಿದ್ದರೂ ಬಳೆ, ಕತ್ತು, ಕಣ್ಣು ಎಲ್ಲ ಕಂಡವು. ಹೊಟ್ಟೆಯೊಳಗೆ ಬೆಂಕಿ ಬಿತ್ತು. ನನ್ನನ್ನು ನೋಡುತ್ತ ಕೂತು ಅವಳನ್ನು ನೆನೆಸಿಕೊಳ್ಳುತ್ತಿದ್ದ ಅನ್ನುವುದೇ ನನ್ನನ್ನು ಹೆಚ್ಚು ಸುಟ್ಟಿತು.

ಅವ್ವನಿಗೆ ಹೇಳಿದರೆ ವೀಳ್ಯ ನಿಲ್ಲುತ್ತದೆ. ಹೇಳದಿದ್ದರೆ ಜೀವಮಾನವೆಲ್ಲ ಇನ್ನೊಬ್ಬಳ ನೆರಳಿನಲ್ಲಿ ಅಡುಗೆ ಮಾಡಬೇಕು. ಮೂರನೆಯ ದಾರಿ ಹಿಡಿದೆ. ಅವಳಿಗೆ ಬರುವುದು ನನಗೇನು ಬರುವುದಿಲ್ಲವೇ? ಕನ್ನಡಿ ಮುಂದೆ ಒಂದು ಸಂಜೆ ಪೂರ್ತಿ ಬಳೆ ಸರಿಸಿದೆ.

ಮರುದಿನ ಊಟಕ್ಕೆ ಕೂತವನು ಕೂಗಿದ. “ರುದ್ರಾಣಿ, ಒಂದಿಷ್ಟು ಮಜ್ಜಿಗೆ ತಾರೆ.”

ಬಳೆಗಳನ್ನು ಒಂದೊಂದಾಗಿ ಮೊಣಕೈವರೆಗೆ ಸರಿಸಿದೆ. ಆಮೇಲೆ ನಿಧಾನವಾಗಿ ಕತ್ತು ತಿರುಗಿಸಿದೆ.

“ಕುತ್ತಿಗೆ ಹಿಡ್ಕಂಡೈತೇನೆ?” ಎಂದ.

ನುಂಗಿಕೊಂಡೆ. ಅವನೆದುರೇ ಚೊಂಬೆತ್ತಿ ಒಂದು ಕಣ್ಣು ಬಿಗಿಯಾಗಿ ಮುಚ್ಚಿದೆ. ನೀರು ಮೂಗಿಗೆ ಹೋಗಿ ಕೆಮ್ಮು ಹತ್ತಿತು. ಅವನು ತುತ್ತು ಕೈಯಲ್ಲೇ ಹಿಡಿದು ನಗತೊಡಗಿದ.

“ಏನ್ ಮಾಡ್ತಿದ್ದೀಯೆ ನೀನು? ಅದು ಹಂಗಲ್ಲ!”

ಹಂಗಲ್ಲವಂತೆ! ಅವಳಷ್ಟು ಚಂದ ಬರಲಿಲ್ಲವಂತೆ! ಕಣ್ಣಲ್ಲಿ ನೀರು ಬಂತು. ಚೊಂಬನ್ನು ನೆಲಕ್ಕೆ ಕುಕ್ಕಿದೆ.

“ಹಂಗಲ್ಲ ಅಂದ್ರೆ ಹೆಂಗೆ ಅಂತ ಆ ಹೇಮಾಂಗಿನೀನೇ ಕೇಳ್ಕಳ್ರಿ ಭಾವ! ಶುಕ್ರವಾರ ವೀಳ್ಯನೂ ಆಕೀಗೇ ಕೊಡ್ರಿ!”

“ಹಾಂ! ಇದು!” ಅವನು ಎಂಜಲು ಕೈಯಲ್ಲೇ ನನ್ನ ಸೊಂಟದ ಕಡೆ ತೋರಿಸಿದ. “ಇದು ಸರಿಯಾಗೈತಿ ನೋಡು!”

ಬಗ್ಗಿ ನೋಡಿದೆ. ಸೆರಗು ಎಡ ಸೊಂಟದಲ್ಲಿತ್ತು. ಯಾವಾಗ ಸಿಕ್ಕಿಸಿದೆನೋ ನನಗೇ ಗೊತ್ತಿಲ್ಲ.

ಅಡುಗೆಮನೆಯಿಂದ ಅವ್ವ ಕೊಟ್ರಮ್ಮ ಗೊಣಗಿದಳು. “ಮೂರು ವರ್ಷದಾಕಿ ಇದ್ದಾಗಿಂದ ಹಂಗೇ. ಸಿಟ್ಟು ಬಂತಂದ್ರೆ ಲಂಗಾನಾದ್ರೂ ಸೈ, ಎಡಕ್ಕೇ ಸಿಕ್ಕಿಸ್ಬೇಕು.”

ಕೈ ತೊಳೆದು ಬಂದು ಬೆನಕಪ್ಪ ಹೇಳಿದ. ಹೇಮಾಂಗಿನಿ ನಾಟಕದ ನಾಯಕಿ. ಕಾಲೇಜಿನ ನಾಟಕಗಳಲ್ಲಿ ಹೆಣ್ಣು ಪಾರ್ಟನ್ನೂ ಹುಡುಗರೇ ಮಾಡಬೇಕು; ಅದು ಇವನಿಗೆ ಬಂದಿತ್ತು. ನಾಟಕ ಕಲಿಸುವ ಮೇಷ್ಟ್ರು, ಸೀರೆ ಉಟ್ಟ ಮಾತ್ರಕ್ಕೆ ಹೆಣ್ಣಾಗುವುದಿಲ್ಲ, ರಜದಲ್ಲಿ ಒಬ್ಬಳನ್ನು ಸರಿಯಾಗಿ ನೋಡಿಕೊಂಡು ಬಾ ಎಂದಿದ್ದರಂತೆ. ಸೀರೆ ಉಡುವ ಅಳಿಯ ಎಂದು ನಮ್ಮ ಅಪ್ಪ ನಗುತ್ತಾರೆಂದು ಹೇಳಿರಲಿಲ್ಲವಂತೆ.

ಹಾಗಾದರೆ ನಾನು ಹೊಟ್ಟೆ ಉರಿದುಕೊಂಡಿದ್ದು ನನ್ನ ಮೇಲೇ. ನಗು ಬರಬೇಕಿತ್ತು, ಬರಲಿಲ್ಲ.

“ಅಂದ್ರೆ ಮೂರು ವಾರ ನನ್ನ ನೋಡಿದ್ದು ಪಾರ್ಟು ಕಲಿಯಾಕೆ,” ಎಂದೆ. “ಬಾವಿಕಟ್ಟೆ ಹತ್ರ, ಒಲೆ ಮುಂದೆ, ಎಲ್ಲ ಆಕೀಗೋಸ್ಕರ.”

ಅವನು ನೋಟ್‌ಬುಕ್ಕನ್ನು ಬೆನ್ನ ಹಿಂದೆ ಸರಿಸಿದ. ಅದನ್ನು ಕಿತ್ತುಕೊಂಡು ಮತ್ತೊಮ್ಮೆ ಓದಿದೆ. ಬಳೆ, ಕತ್ತು, ಕಣ್ಣು, ಸೆರಗು. ಕೊನೆಯ ಸಾಲಿಗೆ ಬಂದು ನಿಂತೆ.

“ಭಾವ, ನಾಟಕ ನೋಡಾಕೆ ಬಂದೋರಿಗೆ ಸೀಗೆಕಾಯಿ ವಾಸನೆ ಬರ್ತೈತೇನು?”

“ಇಲ್ಲ.”

“ಮತ್ತೆ ಅದನ್ನ ಯಾಕೆ ಬರ್ಕಂಡ್ರಿ?”

ಬೆನಕಪ್ಪನ ಕಿವಿ ಎರಡೂ ಕೆಂಪಗಾದವು. ಸೂರು ನೋಡಿದ. ಸೂರಿನಲ್ಲಿ ಏನೂ ಸಿಗದೆ ನನ್ನನ್ನೇ ನೋಡಿದ. “ಅದು ಆಕೀಗಲ್ಲ,” ಎಂದ, “ಅದು ನನಗೆ. ಮೈಸೂರಿನ ರೂಮಿನಾಗೆ ಒಬ್ಬನೇ ಇದ್ದಾಗ ಓದ್ಕಳ್ಳಾಕೆ.”

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಆದರೂ ಅಷ್ಟು ಸುಲಭಕ್ಕೆ ಬಿಡುವವಳಲ್ಲ ನಾನು.

“ನಾಟಕದಾಗೆ ಹೇಮಾಂಗಿನಿ ಕೈಯ ಯಾರಾದ್ರೂ ಹಿಡೀತಾರೇನು?”

“ಮೂರನೇ ಅಂಕದಾಗೆ. ಜಗಳೂರಿನೋನೊಬ್ಬ ಹೀರೋ ಪಾರ್ಟು ಮಾಡ್ತಾನೆ.”

“ಆವಾಗ ಆಕಿ ಏನ್ ಮಾಡ್ತಾಳೆ?”

“ಅದೇ ಗೊತ್ತಿಲ್ಲ. ಆ ಹಾಳೆ ಖಾಲಿ ಬಿಟ್ಟೀನಿ. ನಾನು ನೋಡಿಲ್ಲಲ್ಲ.”

ಅಡುಗೆಮನೆಯ ಕಡೆ ಒಮ್ಮೆ ನೋಡಿದೆ. ಅವ್ವ ಹಿತ್ತಲಿಗೆ ಹೋಗಿದ್ದಳು. ನನ್ನ ಕೈ ಮುಂದೆ ಚಾಚಿದೆ. ಅವನು ಹಿಡಿದ. ನಾನು ಏನು ಮಾಡಿದೆನೋ ನನಗೆ ಗೊತ್ತಿಲ್ಲ, ಅವನು ಮಾತ್ರ ನೋಡುತ್ತಲೇ ಇದ್ದ. ಆಮೇಲೆ ಅಭ್ಯಾಸಬಲದಿಂದ ಅವನ ಇನ್ನೊಂದು ಕೈ ಪೆನ್ಸಿಲ್ಲಿಗೆ ಹೋಯಿತು.

ಆ ಕೈಯನ್ನೂ ಹಿಡಿದುಕೊಂಡೆ.

“ಇದನ್ನ ಬರೀಬ್ಯಾಡ್ರಿ ಭಾವ,” ಎಂದೆ. “ಇದು ಆಕೀಗೆ ಕೊಡಲ್ಲ ನಾನು.”