ಮೂಲೆಯ ಚೌಕದಲ್ಲಿದ್ದವನು

"ಯಾರೂ ಮುಟ್ಟಲ್ಲ ಅಂತ ನೀನು ಮಾತು ಕೊಟ್ಟಿದ್ದೆ. ನೆನಪಿದೆ ತಾನೆ ಅಜ್ಜ?"

ಯಾಕಮ್ಮ ಸ್ಟೂಲಿನ ಮೇಲೆ ಕೂತು, ಬ್ರಶ್ಶನ್ನು ಕತ್ತಿಯ ಹಾಗೆ ಹಿಡಿದು ಕೇಳಿದಳು. ಅವಳ ನಿಜವಾದ ಹೆಸರು ಬೇರೆ. ಎಲ್ಲದಕ್ಕೂ "ಯಾಕೆ? ಯಾಕೆ?" ಎನ್ನುತ್ತಾಳೆಂದು ಅಜ್ಜ ಇಟ್ಟ ಹೆಸರು ಹಾಗೇ ಅಂಟಿಕೊಂಡಿತ್ತು.

"ನೆನಪಿದೆ ತಾಯಿ, ನೆನಪಿದೆ. ಮೊದಲು ಬ್ರಶ್ ಕೆಳಗಿಳಿಸು. ನನ್ನ ಕಣ್ಣು ಉಳೀಲಿ."

ಆ ಮಾತು ಹಳೆಯದು. ಅವಳ ಮೊದಲ ಹಲ್ಲು ಬಿದ್ದ ದಿನ, ಅಳು ನಿಲ್ಲಿಸಲು ಅಜ್ಜ ಹೇಳಿದ್ದ: "ನೀನು ಐದನೇ ಕ್ಲಾಸಿಗೆ ಬಾ. ಒಂದು ಚಿತ್ರದಲ್ಲಿ ಒಂದು ಚೌಕ ನಿನಗೇ ಬಿಟ್ಟುಕೊಡ್ತೀನಿ. ಅದಕ್ಕೆ ನಾನೂ ಬ್ರಶ್ ಮುಟ್ಟಿಸಲ್ಲ, ನಿಮ್ಮಮ್ಮನೂ ಮುಟ್ಟಿಸಲ್ಲ."

ಅಜ್ಜ ಮತ್ತು ಅಮ್ಮನ ಕೆಲಸವೇ ನಕಲು. ಹಿಂದಿನ ಕಾಲದ ಯುದ್ಧದ ಚಿತ್ರಗಳನ್ನು ನೋಡಿ, ಕೈಯಿಂದಲೇ ಮತ್ತೆ ಬರೆದು ಕೊಡುತ್ತಾರೆ. ಮುಂದಿನ ಕೋಣೆಯ ತುಂಬ ಬಣ್ಣ ತೆಳು ಮಾಡುವ ಟರ್ಪೆಂಟೈನ್ ವಾಸನೆ. ಗೋಡೆಗೊರಗಿ ಒಣಗುವ ಕುದುರೆಗಳು, ಫಿರಂಗಿಗಳು. ಈ ಸಲದ ಚಿತ್ರ ಕೋಟೆಯ ಯುದ್ಧ. ಹಡಗಿನಲ್ಲಿ ಬಂದ ಕೆಂಪು ಕೋಟಿನ ಸೈನಿಕರು ಬೇರೆಯವರ ನಾಡಿನ ಕೋಟೆಗೆ ನುಗ್ಗುತ್ತಿದ್ದಾರೆ. ಎಲ್ಲೆಲ್ಲೂ ಹೊಗೆ. ಇದನ್ನು ಅಜ್ಜ ಹಿಂದೆ ಎಷ್ಟೋ ಸಲ ಬರೆದಿದ್ದ.

ಅಳತೆ ತಪ್ಪದಿರಲೆಂದು ಕ್ಯಾನ್ವಾಸಿನ ಮೇಲೆ ಪೆನ್ಸಿಲಿನಿಂದ ಚೌಕಗಳನ್ನು ಎಳೆದಿದ್ದರು. ಪಕ್ಕದಲ್ಲಿ ನಿಲ್ಲಿಸಿದ್ದ ಮೂಲಚಿತ್ರದ ದೊಡ್ಡ ಫೋಟೋದ ಮೇಲೂ ಅಂಥದ್ದೇ ಚೌಕಗಳು. ಅಮ್ಮ ಮೂಲೆಯ ಒಂದರ ಮೇಲೆ ಬೆರಳಿಟ್ಟಳು. "ಇದು ನಿಂದು."

"ಅಯ್ಯೋ! ಇಲ್ಲಿ ಬರೀ ಮಣ್ಣು, ಒಂದು ಕಲ್ಲು. ನಂಗೆ ಫಿರಂಗಿ ಬೇಕಿತ್ತು." ಫೋಟೋದ ಆ ಮೂಲೆಯ ಮೇಲೆ ಕಣ್ಣು ಹಾಯಿಸಿ ಯಾಕಮ್ಮ ಗೊಣಗಿದಳು.

"ಮೊದಲು ಕಲ್ಲು ಬರೆಯೋಕೆ ಕಲಿ. ಫಿರಂಗಿ ಎಲ್ಲೂ ಓಡಿಹೋಗಲ್ಲ."

ಅಮ್ಮ ಫೋಟೋವನ್ನೂ ಕ್ಯಾನ್ವಾಸನ್ನೂ ತಲೆಕೆಳಗು ಮಾಡಿ ನಿಲ್ಲಿಸಿದಳು.

"ಯಾಕೆ?"

"ನೆಟ್ಟಗಿದ್ರೆ ಕಣ್ಣು ಅವಸರ ಮಾಡತ್ತೆ. 'ಓ, ಕುದುರೆ!' ಅನ್ನತ್ತೆ. ಆಮೇಲೆ ಎದುರಿಗಿರೋ ಕುದುರೆ ಬಿಟ್ಟು ನಮ್ಮ ತಲೇಲಿರೋ ಕುದುರೆ ಬರೀತೀವಿ. ತಲೆಕೆಳಗಿದ್ರೆ ಏನಿದೆಯೋ ಅಷ್ಟೇ ಕಾಣತ್ತೆ."

ಅಂದಿನಿಂದ ಯಾಕಮ್ಮ ಶಾಲೆಯಿಂದ ಬಂದವಳೇ ಬ್ಯಾಗ್ ಎಸೆದು ಸ್ಟೂಲ್ ಹತ್ತುತ್ತಿದ್ದಳು. ಇಲ್ಲೊಂದು ಕಂದು ಉಬ್ಬು. ಅಲ್ಲೊಂದು ಮಸುಕು ಗೆರೆ. ಪಕ್ಕದಲ್ಲಿ ಪುಟ್ಟ ಪುಟ್ಟ ನಾಲ್ಕು ತುಣುಕು. ಅವೇನೆಂದು ಅವಳು ಯೋಚಿಸಲಿಲ್ಲ. ಕಂಡದ್ದನ್ನು ಕಂಡಷ್ಟೇ ಬರೆದಳು.

ಉಳಿದ ಚೌಕಗಳನ್ನು ಅಜ್ಜ, ಅಮ್ಮ ಮುಗಿಸಿದ ಮೇಲೆ, ಒಂದು ಭಾನುವಾರ ಅಮ್ಮ ಕ್ಯಾನ್ವಾಸನ್ನು ನೆಟ್ಟಗೆ ತಿರುಗಿಸಿದಳು. ತಿರುಗಿಸಿದವಳು ಹಾಗೇ ನಿಂತಳು.

"ಯಾರೇ ಇದು?"

ಮೂಲೆಯಲ್ಲಿ ಕಲ್ಲಿರಲಿಲ್ಲ. ಒಬ್ಬ ಮನುಷ್ಯ ಬೋರಲು ಬಿದ್ದಿದ್ದ. ಒಂದು ಕೈ ಮುಂದಕ್ಕೆ ಚಾಚಿತ್ತು.

"ನಾನೇನೂ ಸೇರಿಸಿಲ್ಲಮ್ಮ! ನಿನ್ನಾಣೆ!"

"ಅಲ್ಲಿರೋದು ಕಲ್ಲೇ," ಎಂದ ಅಜ್ಜ. "ಇಷ್ಟು ವರ್ಷ ಬರೆದಿದ್ದೀನಿ, ನನಗೆ ಗೊತ್ತಿಲ್ವಾ?" ಭೂತಕನ್ನಡಿ ತೆಗೆದುಕೊಂಡು ಫೋಟೋದ ಮೇಲೆ ಬಗ್ಗಿದ. ಬಗ್ಗಿದವನು ಬಹಳ ಹೊತ್ತು ಏಳಲಿಲ್ಲ.

"ಮೊದಲ ಸಲ ಬರೆದಾಗ ನನ್ನ ಹತ್ರ ಇದ್ದದ್ದು ಅಂಗೈಯಷ್ಟು ಪ್ರಿಂಟು," ಎಂದ ಕೊನೆಗೆ. "ಅದ್ರಲ್ಲಿ ಈ ಮೂಲೆ ಪೂರ್ತಿ ಕಪ್ಪು. ಕಲ್ಲು ಅಂದ್ಕೊಂಡೆ. ಆಮೇಲೆ ನನ್ನ ನಕಲನ್ನೇ ನೋಡಿ ನಕಲು ಮಾಡ್ತಾ ಹೋದೆ."

ಈ ದೊಡ್ಡ ಫೋಟೋವನ್ನು ಮ್ಯೂಸಿಯಂನಿಂದ ತರಿಸಿಕೊಟ್ಟವರು ಈ ಚಿತ್ರ ಬರೆಸುತ್ತಿದ್ದ ಒಂದು ಹೋಟೆಲಿನ ಯಜಮಾನರು. ಅಮ್ಮ ದನಿ ತಗ್ಗಿಸಿದಳು. "ಅಪ್ಪಾ, ಅವರ ಹಳೇ ಹಾಲ್‌ನಲ್ಲಿ ನೀನು ಬರೆದದ್ದೇ ಇದೆ. ಹೊಸ ಹಾಲ್‌ಗೂ ಥೇಟ್ ಅಂಥದ್ದೇ ಬೇಕಂತೆ. ಅದ್ರಲ್ಲಿ ಕಲ್ಲು, ಇದ್ರಲ್ಲಿ ಹೆಣ ಅಂದ್ರೆ ವಾಪಸ್ ಕಳಿಸ್ತಾರೆ. ನಾಳೆನೇ ಬರ್ತಾರೆ. ಇವನ ಮೇಲೆ ಒಂದು ಕಲ್ಲು ಬರೆದುಬಿಡು."

ಅಜ್ಜ ಕಂದುಬಣ್ಣ ಕಲಸತೊಡಗಿದ. ಯಾಕಮ್ಮ ಸ್ಟೂಲ್ ಹತ್ತಿ ತನ್ನ ಚೌಕದ ಮುಂದೆ ಕೂತಳು.

"ಅಜ್ಜ, ಇವನು ಯಾರು?"

"ಗೊತ್ತಿಲ್ಲ ಕಂದ. ಕೆಂಪು ಕೋಟಿಲ್ಲ. ಕೋಟೆ ಕಡೆಯವನಿರಬೇಕು."

"ಕುದುರೆ ಮೇಲಿರೋರು?"

"ಅವರು ಜನರಲ್. ಫೋಟೋ ಕೆಳಗೆ ಹೆಸರಿದೆ ನೋಡು. ಪಕ್ಕದಲ್ಲಿ ಕುದುರೆ ಹೆಸರೂ ಹಾಕಿದಾರೆ."

"ಕುದುರೆಗೂ ಹೆಸರಿದೆಯಾ?"

ಅಜ್ಜ ಬಣ್ಣ ಕಲಸುತ್ತಲೇ ಇದ್ದ.

ಯಾಕಮ್ಮ ಫೋಟೋ ನೋಡಿದಳು. ಜನರಲ್ ಕೋಟಿನ ಗುಂಡಿಗಳು ಒಂದೊಂದೂ ಹೊಳೆಯುತ್ತಿದ್ದವು. ಅಷ್ಟು ಪುರುಸೊತ್ತಿನಿಂದ ಗುಂಡಿ ಬರೆದ ಚಿತ್ರಕಾರ ಈ ಮನುಷ್ಯನಿಗೆ ಮುಖವನ್ನೇ ಬರೆದಿರಲಿಲ್ಲ. ಆದರೆ ಕೈ ಬರೆದಿದ್ದ. ಯಾಕೆ? ಈ ಸಲ ಅವಳು ಬಾಯಿಬಿಟ್ಟು ಕೇಳಲಿಲ್ಲ.

"ಹೋಟೆಲ್ ಚಿತ್ರದಲ್ಲೂ ಇವನಿದಾನಾ ಅಜ್ಜ? ಕಲ್ಲಿನ ಕೆಳಗೆ?"

"ಇಲ್ಲ. ಅಲ್ಲಿ ಬರೀ ಕಲ್ಲು. ಕೆಳಗೆ ಯಾರೂ ಇಲ್ಲ."

ಹೇಳುತ್ತಿದ್ದಂತೆ ಅಜ್ಜನ ಕೈ ನಿಂತಿತು. ಅಮ್ಮನ ಕಡೆ ನೋಡಿದ. ಆಮೇಲೆ ಯಾಕಮ್ಮನ ಕಡೆ ತಿರುಗಿದ. "ಆ ಭೂತಕನ್ನಡಿ ಹಿಡಿ. ಫೋಟೋದಲ್ಲಿ ಇವನ ಕೈ ಮೇಲೆ ಹಿಡಿ. ಇನ್ನೂ ಸ್ವಲ್ಪ ಕೆಳಗೆ. ಎಷ್ಟು ಬೆರಳಿದೆ?"

ಅವಳು ಒಂದು ಕಣ್ಣು ಮುಚ್ಚಿ ಎಣಿಸಿದಳು. "ಅಯ್ಯೋ! ಹೆಬ್ಬೆರಳೂ ಇದೆ. ನಾನು ನಾಲ್ಕೇ ಬರೆದುಬಿಟ್ಟೆ!"

"ಮಡಚಿದೆ, ಅದೂ ನೆರಳಲ್ಲಿ. ಅದು ಕಷ್ಟ."

"ಅಪ್ಪಾ," ಎಂದಳು ಅಮ್ಮ, "ನಾಳೆ ಅವರಿಗೆ ಏನು ಹೇಳೋದು?"

"ಹಳೇ ಚಿತ್ರಾನೂ ತಂದುಕೊಡಿ ಅನ್ನು. ಅದರ ಕಲ್ಲು ತೆಗೆದು ಇವನನ್ನ ಬರೀಬೇಕು. ಬೇಡ ಅಂದ್ರೆ ಇದು ಇಲ್ಲೇ ಇರಲಿ."

ಅಮ್ಮ ನಿಟ್ಟುಸಿರು ಬಿಟ್ಟು ಸಣ್ಣ ಬ್ರಶ್ ಹುಡುಕಿ ಕೊಟ್ಟಳು. ಯಾಕಮ್ಮ ಸ್ಟೂಲಿನಿಂದ ಇಳಿದು, ಬ್ರಶ್ಶನ್ನು ಅಜ್ಜನ ಕೈಗಿಟ್ಟು, ಸ್ಟೂಲನ್ನೂ ಅವನ ಕಡೆ ತಳ್ಳಿದಳು.

ಅಜ್ಜ ಸ್ಟೂಲಿನ ಮೇಲೆ ಕೂತ. ಬ್ರಶ್ ಕ್ಯಾನ್ವಾಸಿಗೆ ತಾಕಿತು. ಹೆಬ್ಬೆರಳು ಮೂಡಿತು.

ತಾನು ಮುಟ್ಟುವುದಿಲ್ಲ ಎಂದಿದ್ದ ಚೌಕವನ್ನು ಅಜ್ಜ ಮುಟ್ಟಿದ್ದ. ಕೊಟ್ಟ ಮಾತು ಮುರಿದಿತ್ತು.