ಬೀರಪ್ಪನ ಭಂಡಾರದಲ್ಲಿ ಕೆಂಪು ಕೈ

ದೇವರ ಮುಖ ಕಳುವಾಗಿತ್ತು.

ಬೀರನದೊಡ್ಡಿಯ ಪೂಜಾರಿ ಮೈಲಾರಲಿಂಗ ಬೆಳಿಗ್ಗೆ ಗುಡಿಯ ಬಾಗಿಲು ತೆರೆದಾಗ ಬೀರಪ್ಪನ ಕರಿಕಲ್ಲು ಬೋಳುಬೋಳಾಗಿ ಕೂತಿತ್ತು. ಅದಕ್ಕೆ ತೊಡಿಸಿದ್ದ ಬೆಳ್ಳಿಯ ಮುಖ ಇಲ್ಲ. ಎದುರಿಗೆ, ಕಂಬಳಿಯ ಮೇಲೆ ರಾಶಿ ಹಾಕಿದ್ದ ಭಂಡಾರದ ಹಳದಿ ಪುಡಿಯ ನಡುವೆ ಒಂದು ಅಂಗೈ ಗುರುತು. ಕೆಂಪಗೆ, ಹಸಿ ಗಾಯದ ಹಾಗೆ.

"ಭಂಡಾರ ರಕ್ತ ಆಗೈತ್ರೋ!"

ಅಷ್ಟೇ ಸಾಕಾಯಿತು. ಎಸ್.ಐ. ಸ್ರವಂತಿಯ ಜೀಪು ಊರು ಮುಟ್ಟುವಷ್ಟರಲ್ಲಿ ಊರವರು ಕಳ್ಳಿಯನ್ನು ಹಿಡಿದು, ವಿಚಾರಣೆ ಮುಗಿಸಿ, ಫೈಸಲಾ ಕೂಡ ಕೊಟ್ಟಾಗಿತ್ತು. ಇಷ್ಟು ಚುರುಕನ್ನು ಈ ಜನ ಊರಿನ ಚರಂಡಿ ತೆಗೆಯುವುದರಲ್ಲಿ ಎಂದೂ ತೋರಿಸಿದವರಲ್ಲ.

ಕಳ್ಳಿ ಬೇವಿನ ಮರದ ಕೆಳಗೆ ಕೂತಿದ್ದಳು. ಕೆಳಗೇರಿಯ ಆಶಮ್ಮ. ಗುಡಿಯ ಅಂಗಳ ಗುಡಿಸುವವಳು. ಗುಡಿಯ ಗೋಡೆಗೆ ತಾಗಿದಂತೆಯೇ ಅವಳ ಮನೆ. ಆ ಮನೆಯ ಪಾತ್ರೆ, ಹಾಸಿಗೆ, ಜೋಳದ ಚೀಲ ಎಲ್ಲವೂ ಬೀದಿಯಲ್ಲಿ ಬಿದ್ದಿದ್ದವು.

"ಯಾರು ಹೊರಗ ಹಾಕಿದ್ರು ಇದನ್ನ?" ಸ್ರವಂತಿ ಕೇಳಿದಳು.

"ದೈವದವ್ರು, ಊರ ಹಿರೇರು, ಕೂಡಿ ಹಾಕೀವ್ರಿ," ಎಂದ ಕೊಟ್ರೇಶ. ಊರಿನ ದೊಡ್ಡ ಕಿರಾಣಿ ಅಂಗಡಿ ಅವನದು, ಗುಡಿ ಕಮಿಟಿಯ ಅಧ್ಯಕ್ಷಗಿರಿಯೂ ಅವನದು. "ಹೊತ್ತು ಮುಳುಗೋದ್ರೊಳಗ ಮುಖ ತಂದು ಕೊಡಬೇಕು, ಊರು ಬಿಡಬೇಕು. ಮನಿ ಕೆಡವಿ ಜಾಗಾ ಶುದ್ಧ ಮಾಡ್ತೀವಿ."

"ಶುದ್ಧ ಮಾಡಿ?"

"ದೇವರ ಸೇವಾಕ್ಕ ಮಂಟಪ ಕಟ್ತೀವ್ರಿ. ಮೊದಲ ಕೇಳಿದ್ವಿ, ಮುದುಕಿ ಬಿಡವಲ್ಲೆ ಅಂದ್ಲು. ಈಗ ದೇವರು ತಾನ ಮಾತಾಡ್ಯಾನ."

"ಪಾಪ, ಸಾವ್ಕಾರ್ರ ಮನಸಿನ್ಯಾಗ ಇದ್ದದ್ದನ್ನ ಆಡ್ಯಾನ," ಎಂದಳು ಸ್ರವಂತಿ.

ಕಾನ್‌ಸ್ಟೇಬಲ್ ಸಾಯಣ್ಣ ನಗು ತಡೆಯಲು ಕೆಮ್ಮಿದ.

ಸ್ರವಂತಿ ಮಕ್ತಲ್ ಕಡೆಯ ಕುರುಬರ ಮಗಳು. ಬೀರಪ್ಪ ಅವಳ ಮನೆದೇವರೇ. ಕುರಿಯೊಂದು ಹುತ್ತಕ್ಕೆ ಹಾಲು ಸುರಿದದ್ದು, ಅಗೆದಾಗ ದೇವರು ಸಿಕ್ಕಿದ್ದು, ಕುರಿಗಾಹಿ ತನ್ನ ಕಂಬಳಿ ಹಾಸಿ ಕೂರಿಸಿದ್ದು, ಈ ಕಥೆಯನ್ನು ಅವಳು ಅಜ್ಜಿಯ ತೊಡೆಯ ಮೇಲೆ ಕೇಳಿದವಳು. ಇಲ್ಲಿನವರು ಅದಕ್ಕೊಂದು ಬಾಲ ಹಚ್ಚಿದ್ದರು: ಕೆಳಗೇರಿಯ ಕೈ ತಾಗಿದರೆ ಭಂಡಾರ ರಕ್ತವಾಗುತ್ತದೆ, ದೇವರು ಎದ್ದು ಹೋಗುತ್ತಾನೆ. ಹಿಕ್ಕೆಯ ನಡುವೆ ಹುಟ್ಟಿ ಕುರಿಕಂಬಳಿಯ ಮೇಲೆ ಕೂತ ದೇವರಿಗೆ ಈ ಮಡಿ ಯಾವಾಗ ಅಂಟಿತು? ಸ್ರವಂತಿಗೆ ದೇವರ ಮೇಲೆ ಸಿಟ್ಟಿರಲಿಲ್ಲ. ಅವನ ಏಜೆಂಟರನ್ನು ಕಂಡರೆ ಮೈ ಉರಿಯುತ್ತಿತ್ತು.

ಅವಳು ಮೊದಲು ಪೂಜಾರಿಯನ್ನು ಹಿಡಿದಳು.

"ಗುಡಿ ಕೀಲಿ ಎಲ್ಲಿರ್ತದ?"

"ಬಾಗಿಲ ಮ್ಯಾಲಿನ ಮೊಳಿಗೆ ತೂಗ ಹಾಕಿರ್ತೀನ್ರಿ."

"ಯಾರಿಗೆ ಗೊತ್ತು?"

"ಊರಿಗೆಲ್ಲಾ ಗೊತ್ತ್ರಿ."

"ಬೆಳ್ಳಿ ಇರೋ ಗುಡಿಗೆ ಇದು ಬೀಗ! ಸೊಂಟದಾಗ ಏನದು?"

ಮೈಲಾರಲಿಂಗ ತಡವರಿಸಿದ. "ಎಲಿ ಅಡಕಿ ಚೀಲ್ರಿ. ಸುಣ್ಣದ ಡಬ್ಬಿ."

"ಕೊಡು ಇಲ್ಲಿ."

ಅವಳು ಡಬ್ಬಿಯನ್ನು ಜೇಬಿಗೆ ಹಾಕಿಕೊಂಡಾಗ ಪೂಜಾರಿಯ ಮುಖ ಬಿಳಿಚಿತು. ಏಕೆಂದು ಅವನಿಗೇ ತಿಳಿಯಲಿಲ್ಲ.

"ಭಂಡಾರ ಯಾರು ಕೊಡ್ತಾರ?"

"ನಾನ್ರಿ," ಕೊಟ್ರೇಶ ಮುಂದೆ ಬಂದ. ಎದೆಯೂ ಅವನಿಗಿಂತ ಮುಂದಿತ್ತು. "ನಮ್ಮಪ್ಪನ ಕಾಲದಿಂದ ನಮ್ಮದ ಸೇವಾ. ಬ್ಯಾರೆಯವ್ರ ಅರಿಶಿನ ಈ ಹೊಸ್ತಿಲಾ ದಾಟಂಗಿಲ್ಲ. ಭಕ್ತರೂ ನಮ್ಮ ಅಂಗಡ್ಯಾಗ ತಗೋಬೇಕು, ಇಲ್ಲಿ ಎರಚಬೇಕು."

"ಭಾರೀ ಭಕ್ತಿ," ಎಂದು ಸ್ರವಂತಿ ಬೇವಿನ ಮರದತ್ತ ನಡೆದಳು. "ಆಶಮ್ಮಾ, ನಿನ್ನೆ ಸಂಜೀಕ ಎಲ್ಲಿದ್ದಿ?"

"ಅಂಗಳ ಗುಡಿಸಿ ಮನ್ಯಾಗ ಬಿದ್ಕೊಂಡಿದ್ದೆ ನಮ್ಮವ್ವಾ."

"ಗುಡಿ ಒಳಗ ಹೋಗಿದ್ದೇನು?"

ಮುದುಕಿ ತಲೆಯೆತ್ತಿದಳು. "ಹುಟ್ಟಿದಾಗಿನಿಂದ ಇದರ ಗೋಡಿಗೆ ಬೆನ್ನು ಹಚ್ಚಿ ಮಲಗೀನಿ. ದೇವರು ಯಾವ ಕಡೆ ಮುಖ ಮಾಡ್ಯಾನ, ಅದೂ ಗೊತ್ತಿಲ್ಲ. ಭಂಡಾರ ದೂರದಿಂದ ಎರಚ್ತಾರ. ಬಿದ್ದಷ್ಟು ನನ್ನದು."

ಜನರ ಗುಂಪಿನಲ್ಲಿ ಯಾರೋ ಕೂಗಿದರು, "ನಾಟಕ ಮಾಡ್ತಾಳ್ರಿ ಮೇಡಮ್!"

"ಹೌದೇನು? ಹಂಗಾದ್ರ ನಾಟಕ ಪೂರಾ ನೋಡೋಣ. ಪೂಜಾರಿ, ಆ ರಾಶ್ಯಾಗಿಂದ ಒಂದು ತಾಟು ಭಂಡಾರ ತಾ. ಕೆಂಪು ಅಂಗೈ ಗುರುತು ಮುಟ್ಟಬ್ಯಾಡ."

ತಾಟು ಬಂತು. ಸ್ರವಂತಿ ಅದನ್ನು ಆಶಮ್ಮನ ಮುಂದಿಟ್ಟಳು.

"ಕೈ ಇಡು."

"ಬ್ಯಾಡವ್ವಾ, ಇವ್ರು ನನ್ನ ಕೊಲ್ತಾರ!"

"ನಾ ಅದೀನಿ. ಇಡು."

ಮುದುಕಿ ಕಣ್ಣು ಮುಚ್ಚಿ, ಅಂಗೈಯನ್ನು ಭಂಡಾರದಲ್ಲಿ ಊರಿದಳು. ಹೆಂಗಸೊಬ್ಬಳು ಮಗುವಿನ ಕಣ್ಣು ಮುಚ್ಚಿದಳು.

ಏನೂ ಆಗಲಿಲ್ಲ. ಭಂಡಾರ ಹಳದಿಯಾಗಿಯೇ ಇತ್ತು. ಮುದುಕಿಯ ಕೈಯೂ ಹಳದಿಯಾಯಿತು.

"ರಕ್ತ ಎಲ್ರೋ?" ಸ್ರವಂತಿ ಸುತ್ತ ನೋಡಿದಳು. "ಕೇಳಿದ್ದು ನಿಮ್ಮನ್ನ. ಬಾಯಾಗ ಕಡಬು ಇಟ್ಕೊಂಡೀರೇನು?"

ಮೊದಲು ಬಾಯಿ ಬಂದದ್ದು ಕೊಟ್ರೇಶನಿಗೆ. "ಹೊರಗ ತಂದ ಭಂಡಾರಕ್ಕ ಶಕ್ತಿ ಇರಂಗಿಲ್ರಿ."

"ಆತು, ಒಳಗ ನೋಡೋಣ. ಒಂದು ಮಾತು ಹೇಳ್ರಿ. ಅರಿಶಿನಕ್ಕ ಸುಣ್ಣ ಹಚ್ಚಿದ್ರ ಏನಾಗ್ತದ?"

ಹೆಂಗಸರೆಲ್ಲ ಒಮ್ಮೆಗೇ ಅಂದರು, "ಕೆಂಪಗಾಗ್ತದ."

ಅಂದವರೇ ಬಾಯಿ ಮುಚ್ಚಿಕೊಂಡರು. ದೃಷ್ಟಿ ತೆಗೆಯುವ ಕೆಂಪು ನೀರನ್ನು ಕದಡದ ಹೆಂಗಸು ಆ ಊರಲ್ಲಿ ಇರಲಿಲ್ಲ. ಮನೆಯಲ್ಲಿ ಅರಿಶಿನ ಅಂದಾಗ ಇದ್ದ ಬುದ್ಧಿ, ಗುಡಿಯಲ್ಲಿ ಭಂಡಾರ ಅಂದ ಕೂಡಲೇ ಚಪ್ಪಲಿಯ ಜತೆ ಹೊರಗೆ ಉಳಿದಿತ್ತು.

"ಹಂಗಾದ್ರ ಪೂಜಾರೀನ ಕಳ್ಳ!" ಕೊಟ್ರೇಶ ಬೆರಳು ತೋರಿಸಿದ. "ಸುಣ್ಣದ ಡಬ್ಬಿ ಅವನ ಹತ್ತಿರಾನ ಇತ್ತು!"

ಮೈಲಾರಲಿಂಗ ಗುಡಿಯತ್ತ ಕೈ ಮುಗಿದ. "ಬೀರಪ್ಪನ ಆಣಿ, ನಾ ಅಲ್ರೀ!"

"ಸಾವ್ಕಾರ್ರೆ, ಬರ್ರಿ ಒಳಗ. ಎಲ್ಲರೂ ಬಾಗಿಲದಾಗ ನಿಂತು ನೋಡ್ರಿ."

ಸ್ರವಂತಿ ಪೂಜಾರಿಯ ಡಬ್ಬಿಯಿಂದ ಸುಣ್ಣ ತೆಗೆದು, ಭಂಡಾರದ ರಾಶಿಯ ಒಂದು ಬದಿಯಲ್ಲಿ ಬೆರಳಿನಿಂದ ಕಲಸಿದಳು. ಕಾದರು. ಮತ್ತಷ್ಟು ಸುಣ್ಣ. ಮತ್ತೆ ಕಾದರು.

ಹಳದಿ ಹಳದಿಯಾಗಿಯೇ ಉಳಿಯಿತು.

"ಕೆಂಪಗಾಗವಲ್ದು!" ಸಾಯಣ್ಣ ಕಣ್ಣರಳಿಸಿದ.

"ಎಲ್ಲಿಂದ ಆಗ್ತದ? ಇದು ಅರಿಶಿನ ಆಗಿದ್ರ ತಾನೆ? ಹಿಟ್ಟಿಗೆ ಬಣ್ಣ ಹಾಕಿದ ಪುಡಿ." ಅವಳು ಅಂಗೈ ಗುರುತಿನ ಅಂಚಿನಿಂದ ಒಂದು ಚಿಟಿಕೆ ಹಳದಿ ತೆಗೆದು ಮೂಸಿದಳು, ಸುಣ್ಣ ತಾಗಿಸಿದಳು. ಅದು ಕ್ಷಣದಲ್ಲಿ ಕೆಂಪಾಯಿತು. "ಇಲ್ಲಿ ಮಾತ್ರ ಅಸಲಿ ಅರಿಶಿನ. ಯಾರೋ ಹೊರಗಿಂದ ತಂದು ಸುರುವಿ, ಸುಣ್ಣದ ಕೈ ಒತ್ತ್ಯಾರ."

ಅವಳು ಬಾಗಿಲ ಕಡೆ ತಿರುಗಿದಳು.

"ಈಗ ತಲಿ ಓಡಸ್ರಿ, ಇದ್ರ. ಪೂಜಾರಿ ಈ ಆಟ ಹೂಡಿದ್ರ ಏನು ಮಾಡ್ತಿದ್ದ? ಇದು ಅರಿಶಿನದ ರಾಶಿ ಅಂತ ನಂಬಿದಾಂವ, ಸುಣ್ಣ ಅಷ್ಟ ಹಚ್ಚತಿದ್ದ. ಆಶಮ್ಮ? ಒಂದು, ತನ್ನ ಮ್ಯಾಲ ದೋಷ ಬರೋ ಗುರುತು ತಾನ ಯಾಕ ಮಾಡ್ತಾಳ? ಎರಡು, ಆಕಿಗೂ ಇದು ಅರಿಶಿನಾನ. ಹೊಳಿಗೆ ಹೋಗೋರು ಮನಿಯಿಂದ ನೀರು ಹೊತ್ಕೊಂಡು ಹೋಗ್ತಾರೇನು? ಈ ರಾಶಿಗೆ ಸುಣ್ಣ ಹಚ್ಚಿದ್ರ ಕೆಂಪಗಾಗಂಗಿಲ್ಲ ಅಂತ ಗೊತ್ತಿದ್ದಾಂವ ಈ ಊರಾಗ ಒಬ್ಬನ. ಇದನ್ನ ದೇವರಿಗೆ ಮಾರಿದಾಂವ."

ಕೊಟ್ರೇಶನ ಎದೆ ಈಗ ಹಿಂದೆ ಸರಿದಿತ್ತು. "ನನಗೂ ಪುಡಿ ಕೊಟ್ಟಾಂವ ಮೋಸ ಮಾಡಿರಬೇಕ್ರಿ… ನನಗೇನು ಗೊತ್ತು…"

"ಮೋಸಾ ಹೋದಾಂವ ಅಸಲಿ ಅರಿಶಿನ ಹುಡುಕ್ಕೊಂಡು ಹೋಗಂಗಿಲ್ಲ ಸಾವ್ಕಾರ್ರೆ. ಬೆಳ್ಳಿ ನಿಮಗ ಬೇಕಾಗಿರಲಿಲ್ಲ. ಮುದುಕಿಯ ಜಾಗಾ ಬೇಕಾಗಿತ್ತು. ಮಂಟಪ ಕಟ್ಟಿದ ಮ್ಯಾಲ ಮುಖ ಎಲ್ಯರ ಸಿಕ್ಕು, ಅದೂ ಒಂದು ಪವಾಡ ಆಗ್ತಿತ್ತು. ಸಾಯಣ್ಣಾ, ಅಂಗಡಿ ನೋಡು. ಬ್ಯಾರೆಯವ್ರು ಯಾರೂ ಕೈ ಹಾಕದ ಚೀಲ ಮೊದಲ ನೋಡು."

ಕೊಟ್ರೇಶನ ಅಂಗಡಿಯ ಭಂಡಾರದ ಚೀಲದಲ್ಲಿ ಸಾಯಣ್ಣ ಎಲ್ಲರೆದುರು ಮೊಣಕೈವರೆಗೂ ಕೈ ಇಳಿಸಿದ. ತೆಗೆದಾಗ ಬೀರಪ್ಪನ ಬೆಳ್ಳಿ ಮುಖ ಮೇಲೆ ಬಂತು. ಮೂಗಲ್ಲಿ, ಕಣ್ಣಲ್ಲಿ ಕಲಬೆರಕೆ ಪುಡಿ.

"ದೇವರ ಪವಾಡ!" ಗುಂಪಿನಲ್ಲಿ ಒಬ್ಬ ಕೈ ಮುಗಿದ. "ಬೀರಪ್ಪಾನ ಕಳ್ಳನ್ನ ಹಿಡಿದಾನ!"

"ಬೆಳಿಗ್ಗೆ ನಿಮ್ಮ ದೇವರು ಆಶಮ್ಮನ್ನ ಹಿಡಿದಿದ್ದ," ಎಂದಳು ಸ್ರವಂತಿ. "ಬಾಯಿ ಮುಚ್ಚಿ ಮುಂದ ಬರ್ರಿ. ಯಾರು ಯಾವ ಪಾತ್ರಿ ಹೊರಗ ಒಗದೀರಿ, ಅವ್ರ ಹೊತ್ತು ಒಳಗ ಇಡ್ರಿ. ಇಲ್ಲಂದ್ರ ದೌರ್ಜನ್ಯದ ಕೇಸಿನ್ಯಾಗ ಸಾವ್ಕಾರ್ರ ಪಕ್ಕದಾಗ ಎಲ್ಲರಿಗೂ ಜಾಗಾ ಐತಿ."

ದೈವದವರು ಜೋಳದ ಚೀಲಕ್ಕೆ ಹೆಗಲು ಕೊಟ್ಟರು. ಮುಟ್ಟಿದರೆ ಮೈಲಿಗೆ ಅನ್ನುತ್ತಿದ್ದವರು ಆಶಮ್ಮನ ಕೊಡ, ಬೋಗುಣಿ, ಹರಿದ ಕೌದಿಯನ್ನು ಎದೆಗವಚಿಕೊಂಡು ಸಾಲಾಗಿ ಅವಳ ಹೊಸ್ತಿಲು ದಾಟಿದರು. ಯಾರ ಕೈಯೂ ಕೆಂಪಾಗಲಿಲ್ಲ.

ಬೆಳ್ಳಿಯ ಮುಖ ಜೀಪಿನ ಬಾನೆಟ್ ಮೇಲಿತ್ತು. ಆಶಮ್ಮ ಹತ್ತಿರ ಬಂದಳು. ಪೂಜಾರಿ ಬೇಡ ಎನ್ನಲು ಬಾಯಿ ತೆರೆದ, ಸ್ರವಂತಿಯನ್ನು ನೋಡಿ ಮುಚ್ಚಿದ.

ಮುದುಕಿ ಬಗ್ಗಿ ನೋಡಿದಳು. ಸೆರಗಿನ ತುದಿಯಿಂದ ಅದರ ಕಣ್ಣಿನ ಪುಡಿ ಒರೆಸಿದಳು. ಮತ್ತೆ ನೋಡಿದಳು.

"ಇಷ್ಟ ಸಣ್ಣದೇನವ್ವಾ?" ಎಂದಳು. "ಇವ್ರು ಬಡಕೊಳ್ಳೋದು ಕೇಳಿ ನಾ ಭಾಳ ದೊಡ್ಡದು ಅನ್ಕೊಂಡಿದ್ದೆ."

ಗುಡಿಯ ಅಂಗಳ ಗುಡಿಸುತ್ತಿದ್ದ ಕಸಬರಿಗೆಯನ್ನು ಪೂಜಾರಿಯ ಕಾಲ ಬಳಿ ಇಟ್ಟು, ಅವಳು ತನ್ನ ಮನೆಯೊಳಗೆ ಹೋದಳು.