ಹಾಲುಹಲ್ಲಿನ ಮುದ್ದೆ

"ಅದನ್ನ ಮುಟ್ಬೇಡ ಪಾಪು, ನನ್ನಾಣೆ!" ಮೆಕ್ಯಾನಿಕ್ ಕೈಯಲ್ಲಿದ್ದ ಸ್ಪ್ಯಾನರ್ ಬಿಟ್ಟು ಹಿಂದೆ ಸರಿದ.

ರೇಸು ಕಾರಿನ ಸೀಟಿನಡಿ ಅಂಟಿಕೊಂಡಿತ್ತು ಅದು. ಮುಷ್ಟಿಗಾತ್ರದ ಮೇಣದ ಮುದ್ದೆ. ಹಳಸಿದ ಹಾಲಿನ ಹುಳಿ ನಾತ. ಮೈತುಂಬ ಎಳೆಗೂದಲು, ನಡುನಡುವೆ ಚುಚ್ಚಿಟ್ಟ ಹಾಲುಹಲ್ಲುಗಳು, ಬುಡದಲ್ಲಿ ಒಣಗಿದ ರಕ್ತದ ಕಪ್ಪು.

ಪಾಪು ಕಿಸಕ್ಕನೆ ನಕ್ಕ. "ನನ್ನವೇ ಹಲ್ಲು. ಅಮ್ಮ ಡಬ್ಬಿಯಲ್ಲಿ ಎತ್ತಿಟ್ಟಿದ್ಲು. ಯಾವನೋ ಮಾಟಗಾರನ ಕೈಗೆ ಕೊಟ್ಟಿದ್ದಾಳೆ ನೋಡು."

ಪಾಪು ಅವನ ತೆರೆಯ ಮೇಲಿನ ಹೆಸರು. ಗುಂಡುಕೆನ್ನೆಯ ಕೂಸಾಗಿ ಮನೆಮನೆಗೂ ಗೊತ್ತಿದ್ದವನು. ಅವನ ಮೈ ಬೆಳೆಯಬಾರದೆಂದು ಅಮ್ಮ ಅರೆಹೊಟ್ಟೆ ಊಟ ಹಾಕಿದಳು; ಧ್ವನಿ ಒಡೆದಾಗ ಸಾವಾದ ಮನೆಯಲ್ಲಿ ಅಳುವ ಹಾಗೆ ಅತ್ತಳು. ಅವನು ಸ್ಟುಡಿಯೋಗೆ ಬೆನ್ನು ಹಾಕಿ ಇಲ್ಲಿಗೆ ಬಂದ. ನೇರ ಹಾದಿ, ಇಬ್ಬರೇ ಸ್ಪರ್ಧಿಗಳು, ಉಸಿರು ಬಿಡುವಷ್ಟರಲ್ಲಿ ಮುಗಿಯುವ ಓಟ. ಇವತ್ತು ಗೆದ್ದರೆ ತಂಡದಲ್ಲಿ ಕಾಯಂ. ಆಮೇಲೆ ಯಾರೂ ಕೆನ್ನೆ ಹಿಂಡಲಾರರು.

"ಇವತ್ತೊಂದಿನ ಓಟ ಬಿಟ್ಬಿಡೋ," ಮೆಕ್ಯಾನಿಕ್ ಅಂಗಲಾಚಿದ.

"ನಿಂಗೆ ವಯಸ್ಸಾಯ್ತಣ್ಣ. ಹೇಗೂ ಟೈರು ಕಾಯಿಸ್ಬೇಕಲ್ಲ, ಇದನ್ನೂ ಸೇರಿಸಿ ಹುರಿದುಬಿಡ್ತೀನಿ!"

ಓಟಕ್ಕೆ ಮುಂಚೆ ಹಿಂದಿನ ಚಕ್ರಗಳನ್ನು ನಿಂತಲ್ಲೇ ಗರಗರ ತಿರುಗಿಸಿ ರಬ್ಬರು ಮೆತ್ತಗಾಗಿಸುತ್ತಾರೆ. ಆಗಲೇ ಟೈರು ನೆಲ ಕಚ್ಚುವುದು. ಪಾಪು ಮುದ್ದೆಯನ್ನು ಕಿತ್ತು ನೆಲಕ್ಕೆಸೆದು, ಚಕ್ರದಡಿಗೆ ಒದ್ದು, ಹೆಲ್ಮೆಟ್ ಹಾಕಿಕೊಂಡು ಒಳಗೆ ಕೂತ. ಎಂಜಿನ್ ಗರ್ಜಿಸಿತು. ಹಲ್ಲುಗಳು ಪಟಪಟ ಸಿಡಿದವು. ಎದ್ದ ಹೊಗೆ ಕೀವಿನ ಬಣ್ಣದ್ದು. ಸುಟ್ಟ ಕೂದಲು, ಒಡೆದ ಹಾಲು, ಕೂಸು ಕಕ್ಕಿದ ವಾಂತಿ, ಎಲ್ಲದರ ಗಬ್ಬು ಒಟ್ಟಾಗಿ ಕಾರಿನೊಳಗೆ ನುಗ್ಗಿ ಗಂಟಲಿಗೆ ಜಿಡ್ಡಾಗಿ ಮೆತ್ತಿಕೊಂಡಿತು. ಓಕರಿಕೆ ಬಂತು. ನುಂಗಿಕೊಂಡ.

ಹಸಿರು ದೀಪ.

ಎದೆ ಬೆನ್ನಿಗಂಟಿತು. ಪಕ್ಕದ ಕಾರು ಹಿಂದೆ ಬಿತ್ತು. ಗೆಲ್ತಿದ್ದೀನಿ, ಅಂದುಕೊಂಡ. ಬಾಯಲ್ಲೇನೋ ಸಡಿಲವಾಯಿತು. ಒಂದು ಹಲ್ಲು. ಇನ್ನೊಂದು. ನಾಲಿಗೆಯ ಮೇಲೆ ಉಪ್ಪುಪ್ಪು ರಕ್ತ. ಖಾಲಿ ವಸಡು ಸೀಳಿ ಪುಟ್ಟಪುಟ್ಟವು ಮೇಲೆದ್ದವು, ಹುಳುಗಳ ಹಾಗೆ. ಹೆಲ್ಮೆಟ್ಟು ಗಡಗಡ ಅಲ್ಲಾಡಿತು. ತಲೆ ಸಣ್ಣದಾಗುತ್ತಿತ್ತು. ಕೈಗವಸು ಜೋತುಬಿತ್ತು. ಕಾರು ಗೆಲುವಿನ ಗೆರೆ ದಾಟಿತು. ಬ್ರೇಕ್! ಕಾಲು ಚಾಚಿದ. ಸಿಗಲಿಲ್ಲ. ಜಾರಿ ಜಾರಿ ಚಾಚಿದ. ಸಿಗಲಿಲ್ಲ. ಕಾರಿನ ವೇಗ ತಡೆಯುವ ಪ್ಯಾರಾಚೂಟ್ ಬಿಚ್ಚುವ ಹಿಡಿಕೆ ಬೆರಳ ತುದಿಗೂ ಎಟುಕಲಿಲ್ಲ.

ಮುಂದೆ ಮರಳು. ಬರೀ ಮರಳು.

ಮೆಕ್ಯಾನಿಕ್ ಓಡಿಬಂದು, ಮರಳಲ್ಲಿ ಹೂತು ನಿಂತ ಕಾರಿನ ಬಾಗಿಲು ಕಿತ್ತ. ಒಳಗಿದ್ದದ್ದನ್ನು ನೋಡಿ, ಪಕ್ಕಕ್ಕೆ ತಿರುಗಿ ಕಾರಿಕೊಂಡ. ದೊಡ್ಡ ಜಾಕೆಟ್ಟಿನ ಆಳದಲ್ಲಿ ಗುಂಡುಕೆನ್ನೆಯ ಕೂಸು. ಜೊಲ್ಲು, ರಕ್ತ, ಮಡಿಲಲ್ಲಿ ಉದುರಿಬಿದ್ದ ದೊಡ್ಡ ಹಲ್ಲುಗಳು. ಅಣ್ಣ, ನನ್ನನ್ನ ಅಮ್ಮನ ಕೈಗೆ ಮಾತ್ರ ಕೊಡಬೇಡ, ಎನ್ನಬೇಕೆಂದಿದ್ದ ಪಾಪು. ಬಾಯಿಂದ ಬಂದದ್ದು ಬರೀ ಚೀರಾಟ.

ಪ್ರೇಕ್ಷಕರ ಸಾಲಿನಿಂದ ಇಳಿದು ಬಂದ ಅಮ್ಮ ಮೆಕ್ಯಾನಿಕ್‌ನನ್ನು ಸರಿಸಿದಳು. ಹೆಬ್ಬೆರಳಿನಿಂದ ಕೂಸಿನ ತುಟಿ ಎತ್ತಿ, ದನ ಕೊಳ್ಳುವವಳಂತೆ ವಸಡು ಒತ್ತಿ ನೋಡಿದಳು. ಆಮೇಲೆ ಮುಖ ಸಿಂಡರಿಸಿ ಬೆರಳು ಒರೆಸಿಕೊಂಡಳು.

"ಥೂ, ಮೀಸೆ ಹಾಗೇ ಉಳ್ಕೊಂಡಿದೆಯಲ್ಲೋ," ಎಂದಳು. "ಪರವಾಗಿಲ್ಲ ಕಂದ. ಒಂದೊಂದೇ ಕೂದಲು ಕಿತ್ತರಾಯ್ತು."